ಹದಿನೇಳನೇ ಫೈಲಿನ ನಲವತ್ತು ಸೆಕೆಂಡು

1

ಸಮುದ್ರದಿಂದ ಶುರುಮಾಡೋಣ ಅಂದುಕೊಂಡಿದ್ದೆ. ನೌಕಾಪಡೆಯ ಕಥೆ ಅಂದಮೇಲೆ ನೀವೂ ಅದನ್ನೇ ಕಾಯುತ್ತಿರುತ್ತೀರಿ: ಅಲೆ, ಉಪ್ಪುಗಾಳಿ, ಬಿಳಿ ಸಮವಸ್ತ್ರ, ದೂರಕ್ಕೆ ಕಣ್ಣು ನೆಟ್ಟು ನಿಂತ ಒಬ್ಬ ಹೆಂಗಸು. ಒಂದೂವರೆ ಪುಟ ಬರೆದೂ ಬರೆದೆ. ಓದಿ ನೋಡಿದರೆ ಕ್ಯಾಲೆಂಡರಿನ ಚಿತ್ರದ ಕೆಳಗೆ ಹಾಕುವ ಸಾಲುಗಳ ಹಾಗಿತ್ತು. ಹರಿದು ಬಿಸಾಕಿದೆ. (ಅಲ್ಲದೆ ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ವಾಂತಿ ಮಾಡಿಕೊಳ್ಳುವವನು. ನನ್ನ ಕೈಗೆ ಸಮುದ್ರ ಕೊಟ್ಟರೆ ಇಬ್ಬರಿಗೂ ಅವಮಾನ.)

ಅಸಲಿಗೆ ಈ ಕಥೆಯಲ್ಲಿ ಸಮುದ್ರವೇ ಇಲ್ಲ. ಇರುವುದು ಕಿಟಕಿಯಿಲ್ಲದ ಒಂದು ರೂಮು, ಉದ್ದನೆಯ ಮೇಜು, ಐದು ಕುರ್ಚಿ, ಹತ್ತು ನಿಮಿಷಕ್ಕೊಮ್ಮೆ ಗೊರಕೆ ಹೊಡೆಯುವ ಏಸಿ, ಮೂವತ್ತೊಂದು ಫೈಲು. ಮೂವತ್ತೊಂದು ಜನ ಕಮಾಂಡರುಗಳಲ್ಲಿ ಯಾರನ್ನು ಕ್ಯಾಪ್ಟನ್ ಮಾಡಿ ದೊಡ್ಡ ಯುದ್ಧನೌಕೆ ಕೈಗೆ ಕೊಡಬೇಕು, ಯಾರನ್ನು ಮನೆಗೆ ಕಳಿಸಬೇಕು ಅಂತ ತೀರ್ಮಾನಿಸುವುದು ಈ ರೂಮಿನ ಕೆಲಸ. ಹಡಗು ಮುಳುಗುವುದು ನೀರಿನಲ್ಲಿ, ಮನುಷ್ಯರು ಮುಳುಗುವುದು ಇಲ್ಲಿ. (ಈ ವಾಕ್ಯ ಬರೆದು ಬೆನ್ನು ತಟ್ಟಿಕೊಂಡೆ. ಬೆನ್ನು ತಟ್ಟಿಕೊಂಡ ವಾಕ್ಯಗಳನ್ನೆಲ್ಲ ಹೊಡೆದುಹಾಕು ಅಂತ ನನ್ನ ಹೆಂಡತಿ ಹೇಳುತ್ತಾಳೆ. ಹೊಡೆದುಹಾಕಿದೆ ಅಂದುಕೊಂಡು ಮುಂದೆ ಓದಿ.)

2

ಐದು ಕುರ್ಚಿಯಲ್ಲಿ ಒಂದರಲ್ಲಿ ಒಬ್ಬ ಹೆಂಗಸು. ಕಮೊಡೋರ್. ಕ್ಯಾಪ್ಟನ್‌ಗಿಂತ ಒಂದು ಮೆಟ್ಟಿಲು ಮೇಲೆ, ಅಡ್ಮಿರಲ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಅವಳು ಅನ್ನಲೋ ಅವರು ಅನ್ನಲೋ ಅಂತ ಅರ್ಧ ದಿನ ಒದ್ದಾಡಿ ಕೊನೆಗೆ ಅವಳನ್ನೇ ಕೇಳಿದೆ.

"ಅವಳು ಅಂತಲೇ ಬರೀರಿ, ಬೇಜಾರಿಲ್ಲ. ಆದ್ರೆ ನನ್ನನ್ನ ದೇವತೆ ಮಾಡೋಕೆ ಹೋಗಬೇಡಿ. ಮೂವತ್ತು ವರ್ಷ ನೌಕರಿ ಮಾಡಿದ್ದೀನಿ, ದೇವತೆಗಳಿಗೆ ಅಷ್ಟು ಸರ್ವೀಸ್ ಇರಲ್ಲ," ಅಂದಳು.

ಹಡಗಿನವರು ಅವಳಿಗೆ ಇಟ್ಟ ಹೆಸರು ತಕ್ಕಡಿ. ತಪ್ಪು ಮಾಡಿದವನು ಅಡುಗೆಯವನಾದರೂ ಅಧಿಕಾರಿಯಾದರೂ ಒಂದೇ ಶಿಕ್ಷೆ. ಮುಲಾಜಿಲ್ಲ. ಯುದ್ಧನೌಕೆ ನಡೆಸಿದ ಮೊದಲ ಹೆಂಗಸು ಅವಳೇ. ಮುಂದಿನ ತಿಂಗಳು ಅವಳ ಫೈಲೂ ಇನ್ನೊಂದು ರೂಮಿನ ಇನ್ನೊಂದು ಮೇಜಿಗೆ ಹೋಗುವುದಿತ್ತು. ಅಡ್ಮಿರಲ್ ಹುದ್ದೆ, ಜೊತೆಗೆ ನೌಕಾಪಡೆಯ ಇಡೀ ಒಂದು ತುಕಡಿ. ಹನ್ನೆರಡು ಹಡಗು. ಅಲ್ಲಿಯವರೆಗೆ ಯಾವ ಹೆಂಗಸೂ ಹೋಗಿರಲಿಲ್ಲ.

ಬೋರ್ಡಿನ ಅಧ್ಯಕ್ಷನಿಗೆ ಬೆನ್ನ ಹಿಂದೆ ಎಲ್ಲರೂ ದೊಡ್ಡಪ್ಪ ಅನ್ನುತ್ತಾರೆ. ಬೆಳಿಗ್ಗೆ ಟೀ ಕುಡಿಯುವಾಗ ಅವರು ಅವಳನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ಮುಂದಿನ ತಿಂಗಳು ನಿನ್ನ ವಿಷಯ ಬರುತ್ತೆ. ಎಲ್ಲ ಸರಿಯಾಗೇ ಇದೆ. ಈ ಎರಡು ದಿನ ತಣ್ಣಗೆ ಕೂತಿದ್ದು ಎದ್ದು ಹೋಗು, ಸಾಕು."

"ನಾನು ಯಾವತ್ತು ಬಿಸಿಯಾಗಿದ್ದೆ ಸಾರ್?"

"ಅದಕ್ಕೇ ಹೇಳ್ತಾ ಇರೋದು, ಹಾಗೇ ಇರು ಅಂತ."

ಈಗ ನಿಯಮ ಹೇಳಿಬಿಡುತ್ತೇನೆ. ಗಮನವಿಟ್ಟು ಕೇಳಿ, ಮತ್ತೆ ಹೇಳುವಷ್ಟು ತಾಳ್ಮೆ ನನಗಿಲ್ಲ. ಪಕ್ಷಪಾತ ಆಗಬಾರದು ಅಂತ ಫೈಲುಗಳಿಗೆಲ್ಲ ಮಸಿ ಬಳಿದಿರುತ್ತಾರೆ. ಅಧಿಕಾರಿಯ ಹೆಸರು, ಫೋಟೊ, ಗಂಡೋ ಹೆಣ್ಣೋ, ಹಡಗಿನ ಹೆಸರು, ವರದಿ ಬರೆದ ಮೇಲಧಿಕಾರಿಯ ಹೆಸರು, ಎಲ್ಲದಕ್ಕೂ. ಈ ಕೆಲಸಕ್ಕೆ ಒಬ್ಬ ಗುಮಾಸ್ತನಿದ್ದಾನೆ. ಮಹಾ ಪ್ರಾಮಾಣಿಕ. ಕ್ರಿಯಾಪದದ ಬಾಲದಲ್ಲಿರುವ ನು, ಳುಗಳನ್ನೂ ಬಿಡದೆ ಮಸಿ ಹಚ್ಚುತ್ತಾನೆ. ಫೈಲು ನೋಡಿದರೆ ಇಲಿ ಕಡಿದ ಹಾಗಿರುತ್ತದೆ. ಇಷ್ಟರ ಮೇಲೂ ಫೈಲು ಯಾರದ್ದು ಅಂತ ಬೋರ್ಡಿನವರಲ್ಲಿ ಯಾರಿಗಾದರೂ ಗೊತ್ತಾದರೆ ಅವರು ತಕ್ಷಣ ಎದ್ದು ಹೇಳಬೇಕು. ಆ ಫೈಲಿನ ಬಗ್ಗೆ ಒಂದು ಮಾತೂ ಆಡದೆ ಹೊರಗೆ ಹೋಗಬೇಕು. ಮತ ಚೀಟಿಯಲ್ಲಿ, ಗುಟ್ಟಾಗಿ. ಆಯ್ಕೆಯಾಗಲು ಮೂರು 'ಹೌದು' ಬೇಕು. ಒಬ್ಬರು ಹೊರಗೆ ಹೋದರೂ ಮೂರೇ ಬೇಕು.

3

ಮೊದಲ ದಿನದ ಕೊನೆಗೆ ಹದಿನೇಳನೇ ಫೈಲು ಬಂತು. ಬೋರ್ಡಿನ ಮುಂದೆ ಮೂರನೇ ಸಲ ಬಂದ ಫೈಲು, ಅಂದರೆ ಕೊನೇ ಸಲ. ಈಗಲೂ ಆಗದಿದ್ದರೆ ಅರವತ್ತು ದಿನದಲ್ಲಿ ನೌಕರಿ ಮುಗಿಯಿತು, ಇಪ್ಪತ್ತು ವರ್ಷ ಮಾಡಿದ ಕೆಲಸ ಬಿಟ್ಟು ಮನೆಗೆ.

ಅಂಕಗಳ ಲೆಕ್ಕ ಸ್ವಲ್ಪ ವಿಚಿತ್ರ. ಹತ್ತಕ್ಕೆ ಕೊಡುತ್ತಾರೆ. ಒಂಬತ್ತು ಅಂದರೆ ಪರವಾಗಿಲ್ಲ. ಒಂಬತ್ತೂವರೆ ಅಂದರೆ ಒಳ್ಳೆಯವನು. ಹತ್ತು ಅಂದರೆ ಬರೆದವನ ಅಳಿಯ. ಎಂಟು ಅಂದರೆ ಕುಡುಕ. ಏಳನ್ನು ಯಾರೂ ಯಾರಿಗೂ ಕೊಡುವುದಿಲ್ಲ. ಹದಿನೇಳನೇ ಫೈಲಿನ ಎಲ್ಲ ಪುಟದಲ್ಲೂ ಒಂಬತ್ತು, ಒಂಬತ್ತೂವರೆ. ಹನ್ನೊಂದು ವರ್ಷ ಹಳೆಯ ಒಂದೇ ಒಂದು ಪುಟದಲ್ಲಿ ಏಳು.

ಬೋರ್ಡಿನಲ್ಲಿ ಇನ್ನೊಬ್ಬನಿದ್ದ, ಜೀವನವೆಲ್ಲ ಸಬ್‌ಮರೀನಿನಲ್ಲೇ ಕಳೆದವನು, ಹೆಸರೂ ಸಬ್‌ಮರೀನ್ ಅಂತಲೇ ಆಗಿಹೋಗಿತ್ತು. ಆ ಪುಟವನ್ನು ಅವನೇ ಗಟ್ಟಿಯಾಗಿ ಓದಿದ: "ತುರ್ತು ಸಂದರ್ಭದಲ್ಲಿ ಆದೇಶ ಪಾಲನೆಯಲ್ಲಿ ನಲವತ್ತು ಸೆಕೆಂಡುಗಳ ವಿಳಂಬ. ಕಾರಣ ತೃಪ್ತಿಕರವಲ್ಲ. ನಿರ್ಧಾರಶಕ್ತಿ, ಏಳು."

ಓದಿ ಕನ್ನಡಕ ತೆಗೆದ. "ನಲವತ್ತು ಸೆಕೆಂಡು! ನಮ್ಮಲ್ಲಾದ್ರೆ ಅಷ್ಟರಲ್ಲಿ ಎಲ್ಲರ ತಿಥಿ ಆಗಿರೋದು. ಆದ್ರೆ ನನಗೆ ಈ ವರದಿ ಬರೆದವರು ಇಷ್ಟ ಆದ್ರು ನೋಡಿ. ಎಲ್ಲರೂ ಒಂಬತ್ತು ಹಂಚೋ ಕಾಲದಲ್ಲಿ ಏಳು ಕೊಡೋಕೆ ಎದೆ ಬೇಕು. ಯಾರೋ ನ್ಯಾಯವಂತ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಕಮೊಡೋರ್ ಕೈ ತನಗೇ ಗೊತ್ತಿಲ್ಲದೆ ಹೆಗಲಿಗೆ ಹೋಯಿತು. ಅಲ್ಲಿ ಚಿನ್ನದ ಪಟ್ಟಿ ಇತ್ತು, ಸರಿಮಾಡಿಕೊಂಡ ಹಾಗೆ ಮಾಡಿದಳು. ಆ ಮೂರು ವಾಕ್ಯ ಬರೆದದ್ದು ಅವಳೇ. ಎರಡು ಸಲ ಹರಿದು ಮೂರನೇ ಸಲ ಬರೆದದ್ದು.

ನಿಯಮದ ಪ್ರಕಾರ ಅವಳು ಈಗ ಎದ್ದು ನಿಲ್ಲಬೇಕು. ಅವಳು ನಿಲ್ಲಲಿಲ್ಲ. ದೊಡ್ಡಪ್ಪ ಗಡಿಯಾರ ನೋಡಿ, "ಇದರ ಮತ ನಾಳೆ ಬೆಳಿಗ್ಗೆ ಹಾಕೋಣ, ತಲೆ ಓಡ್ತಾ ಇಲ್ಲ," ಅಂದರು. ಎಲ್ಲರೂ ಎದ್ದರು.

3 (ಮತ್ತೆ. ಹೋದ ಸಲದ್ದರಲ್ಲಿ ಬೆಂಕಿಯ ವಿಷಯ ಹೇಳಲು ಮರೆತೆ)

ಹನ್ನೊಂದು ವರ್ಷದ ಹಿಂದೆ ಕಮೊಡೋರ್ ಇನ್ನೂ ಕ್ಯಾಪ್ಟನ್, ಒಂದು ಯುದ್ಧನೌಕೆ ಅವಳ ಕೈಯಲ್ಲಿತ್ತು. ಹದಿನೇಳು (ಆ ಫೈಲಿನ ಅಧಿಕಾರಿಯೂ ಹೆಂಗಸೇ, ಇನ್ನು ಮೇಲೆ ಅವಳನ್ನು ಹೀಗೇ ಕರೆಯುತ್ತೇನೆ) ಅದೇ ಹಡಗಿನಲ್ಲಿ ಲೆಫ್ಟಿನೆಂಟ್. ಒಂದು ಮಧ್ಯಾಹ್ನ ಜನರೇಟರ್ ರೂಮಿಗೆ ಬೆಂಕಿ ಬಿತ್ತು. ಇಂಥ ಹೊತ್ತಿಗೆ ಪುಸ್ತಕದಲ್ಲಿರುವುದು ಒಂದೇ ದಾರಿ: ಬಾಗಿಲು ಮುಚ್ಚಿ ಒಳಗೆ ಗ್ಯಾಸ್ ಬಿಡುವುದು. ಗ್ಯಾಸಿನಲ್ಲಿ ಬೆಂಕಿ ಉಸಿರು ಕಟ್ಟಿ ಸಾಯುತ್ತದೆ. ಕ್ಯಾಪ್ಟನ್ ಮೇಲಿನಿಂದ ಆದೇಶ ಕೊಟ್ಟಳು. ಕೆಳಗೆ ಬಾಗಿಲ ಬಳಿ ಇದ್ದ ಹದಿನೇಳು ನಲವತ್ತು ಸೆಕೆಂಡು ಕಾದು ಆಮೇಲೆ ಮುಚ್ಚಿದಳು. ಬೆಂಕಿ ಆರಿತು. ಗೋಡೆಯ ಆಚೆ ಮದ್ದುಗುಂಡು ಇತ್ತು, ಇನ್ನೊಂದು ನಿಮಿಷ ತಡವಾಗಿದ್ದರೆ ಹಡಗಿನಲ್ಲಿದ್ದ ಇನ್ನೂರಿಪ್ಪತ್ತು ಜನರೂ ಇರುತ್ತಿರಲಿಲ್ಲ. ಅದಕ್ಕೇ ಏಳು.

ಈ ಪ್ಯಾರಾ ಕಮೊಡೋರ್ ಹೇಳಿದ ಹಾಗೆ ಬರೆದದ್ದು. ಓದಿದರೆ ಏಳು ಜಾಸ್ತಿಯೇ ಆಯಿತು ಅನ್ನಿಸುತ್ತದೆ, ಅಲ್ಲವೇ? ನನಗೂ ಅನ್ನಿಸಿತು. ಅದಕ್ಕೇ ಅನುಮಾನ ಬಂತು.

4

ಆ ಸಂಜೆ ಮನೆ. ಕಮೊಡೋರಳ ಗಂಡ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಊಟದ ಮೇಜಿನ ಒಂದು ತುದಿಯಲ್ಲಿ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದರು. ಇನ್ನೊಂದು ತುದಿಯಲ್ಲಿ ಅವಳು ನಾಳೆಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

"ರೀ, ನೀವು ಯಾವತ್ತಾದ್ರೂ ತಪ್ಪು ಮಾರ್ಕ್ಸ್ ಕೊಟ್ಟಿದ್ದೀರಾ?"

"ವಾರಕ್ಕೊಂದು ಸಲ. ಮಕ್ಕಳು ಬಂದು ಜಗಳ ಆಡ್ತಾವೆ, ತಿದ್ದಿ ಕೊಡ್ತೀನಿ."

"ಜಗಳ ಆಡದೆ ಇದ್ರೆ?"

"ಆಡದೆ ಇದ್ರೆ ನನಗೆ ಹೇಗೆ ಗೊತ್ತಾಗುತ್ತೆ? ಹಾಗೇ ಇರುತ್ತೆ." ಮೇಷ್ಟ್ರು ತಲೆಯೆತ್ತಿ ನೋಡಿದರು. "ಏನಾಯ್ತೇ?"

"ಹೇಳೋ ಹಾಗಿಲ್ಲ."

"ಇಪ್ಪತ್ತಾರು ವರ್ಷದಿಂದ ಇದನ್ನೇ ಹೇಳ್ತಾ ಇದ್ದೀಯ. ನಾನು ಮದುವೆಯಾಗಿದ್ದು ಮನುಷ್ಯಳನ್ನೋ ಬೀರುವನ್ನೋ ಅಂತ ನನಗೇ ಡೌಟು. ಅಂಗಿ ಸುಡ್ತಾ ಇದೆ ನೋಡು."

ಅಂಗಿ ಸ್ವಲ್ಪ ಸುಟ್ಟೇ ಹೋಗಿತ್ತು. ಮೇಷ್ಟ್ರು ಎದ್ದು ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿ, ಇನ್ನೊಂದು ಅಂಗಿ ತರಲು ಒಳಗೆ ಹೋದರು. ಅವರಿಲ್ಲದ ಹೊತ್ತು ನೋಡಿ ನಾನು ನುಗ್ಗಿದೆ.

"ಮೇಡಂ, ಆ ಪ್ಯಾರಾದಲ್ಲಿ ಒಂದು ವಾಕ್ಯ ಬಿಟ್ಟಿದ್ದೀರಿ."

"ಯಾವ ವಾಕ್ಯ?"

"ಒಳಗಿಂದ ಒಬ್ಬ ಬಂದ ಅನ್ನೋದು."

ಅವಳು ಸುಟ್ಟ ಅಂಗಿ ಮಡಚಿಟ್ಟು, "ನಿಮಗ್ಯಾರು ಹೇಳಿದ್ರು?" ಅಂದಳು.

"ಯಾರು ಹೇಳಬೇಕು? ಇದನ್ನ ಬರೀತಾ ಇರೋನು ನಾನಲ್ವಾ?"

ಸರಿ, ವಾಕ್ಯ ಇಷ್ಟೇ: ನಲವತ್ತನೇ ಸೆಕೆಂಡಿಗೆ ಆ ರೂಮಿನಿಂದ ಒಬ್ಬ ನಾವಿಕ ಮೊಣಕೈ ಮೇಲೆ ತೆವಳಿಕೊಂಡು ಹೊರಗೆ ಬಂದ. ತಲೆಗೂದಲು ಸುಟ್ಟಿತ್ತು, ಅಂಗೈ ಸುಟ್ಟಿತ್ತು, ಜೀವ ಇತ್ತು. ಗ್ಯಾಸು ಬೆಂಕಿಯನ್ನು ಮಾತ್ರ ಕೊಲ್ಲುವುದಿಲ್ಲ, ಒಳಗಿರುವ ಎಲ್ಲವನ್ನೂ ಕೊಲ್ಲುತ್ತದೆ. ಹದಿನೇಳು ಕಾದದ್ದು ಅವನಿಗಾಗಿ.

"ಹೊರಗೆ ಬಂದವರ ಎಣಿಕೆಯಲ್ಲಿ ಒಬ್ಬ ಕಮ್ಮಿ ಇದ್ದಾನೆ ಅಂತ ನಿಮಗೆ ಗೊತ್ತಿತ್ತಾ?" ಕೇಳಿದೆ.

"ಗೊತ್ತಿತ್ತು."

"ಗೊತ್ತಿದ್ದೂ ಮುಚ್ಚು ಅಂದ್ರಾ?"

"ಅಂದೆ. ಒಬ್ಬನ ಎದುರು ಇನ್ನೂರಿಪ್ಪತ್ತು ಜನ. ಇವತ್ತು ಕೇಳಿದ್ರೂ ಅದೇ ಹೇಳ್ತೀನಿ. ಸುಲಭ ಅಂದುಕೊಂಡ್ರಾ? ನಿಮಗೇನು, ಕೂತಲ್ಲಿಂದ ಬರೀತೀರಿ."

"ಆದೇಶ ಸರಿ ಇತ್ತು ಅಂದಮೇಲೆ ಆ ವಾಕ್ಯ ಬರೆಯೋಕೆ ಏನಾಗಿತ್ತು?"

"ಬರೆದಿದ್ರೆ ಏನಂತಿದ್ರು ಗೊತ್ತಾ? ಹೆಂಗಸು ಕ್ಯಾಪ್ಟನ್, ಗಾಬರಿ ಬಿದ್ದು ತನ್ನವನ ಮೇಲೇ ಬಾಗಿಲು ಹಾಕಿಸೋಕೆ ಹೊರಟಿದ್ಲು, ಪುಣ್ಯಕ್ಕೆ ಲೆಫ್ಟಿನೆಂಟ್ ಉಳಿಸಿದ್ಲು ಅಂತಿದ್ರು. ಅದೇ ಆದೇಶ ಗಂಡಸು ಕೊಟ್ರೆ ಗಟ್ಟಿ ಗುಂಡಿಗೆ. ನಾನು ಕೊಟ್ರೆ ಗಾಬರಿ. ಆಮೇಲೆ ಇನ್ನು ಹತ್ತು ವರ್ಷ ಯಾವ ಹೆಂಗಸಿಗೂ ಹಡಗು ಸಿಗ್ತಿರಲಿಲ್ಲ."

"ಅದಕ್ಕೆ ಅವಳಿಗೆ ಏಳು."

"ಹೌದು. ಅದಕ್ಕೆ ಅವಳಿಗೆ ಏಳು." ಅಷ್ಟು ಹೇಳಿ ಅವಳು ಕೂತಳು. "ನನಗೆ ಹೆದರಿಕೆ ಆಗಿತ್ತು ಕಣ್ರೀ. ಬೆಂಕಿಗಲ್ಲ. ಆ ವಾಕ್ಯಕ್ಕೆ."

6

(5ರಲ್ಲಿ ಅವಳ ಬಾಲ್ಯ ಬರೆದಿದ್ದೆ. ಬೇಕಾಗಲಿಲ್ಲ.)

ಬೆಳಿಗ್ಗೆ ಅವಳು ಬೋರ್ಡಿಗೆ ಹೊರಡುವ ಮೊದಲು ಎರಡು ಮುಕ್ತಾಯ ಬರೆದು ತೋರಿಸಿದೆ. ಕಷ್ಟಪಟ್ಟು ಬರೆದದ್ದು.

ಮುಕ್ತಾಯ ಒಂದು. ಕಮೊಡೋರ್ ಏನೂ ಹೇಳದೆ ಚೀಟಿಯಲ್ಲಿ 'ಹೌದು' ಅಂತ ಬರೆದು ಡಬ್ಬಿಗೆ ಹಾಕುತ್ತಾಳೆ. ಹದಿನೇಳು ಆಯ್ಕೆಯಾಗುತ್ತಾಳೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಕಮೊಡೋರ್ ಮುಂದೆ ಅಡ್ಮಿರಲ್ ಆಗುತ್ತಾಳೆ.

"ಎಷ್ಟು ಮತದಿಂದ ಆಯ್ಕೆ?" ಕೇಳಿದಳು.

"ಮೂರು ಎರಡು."

"ಉಳಿದ ಎರಡು ಹೌದು ನಿಮ್ಮಪ್ಪ ಹಾಕ್ತಾರಾ? ಅಲ್ಲಿ ಒಬ್ಬ ಇಂಜಿನಿಯರ್ ಇದ್ದಾನೆ, ಅವನು ಹಾಕಬಹುದು. ದೊಡ್ಡಪ್ಪ ಹಾಕಲ್ಲ, ಸ್ಟೋರ್ಸಿನವನು ದೊಡ್ಡಪ್ಪನ ಮುಖ ನೋಡ್ತಾನೆ. ಸಬ್‌ಮರೀನ್ ಆ ಏಳನ್ನ ತಲೆ ಮೇಲೆ ಹೊತ್ಕೊಂಡು ಕುಣೀತಾ ಇದ್ದಾನೆ. ಎರಡು ಮೂರು ಆಗುತ್ತೆ. ಅವಳು ಮನೆಗೆ ಹೋಗ್ತಾಳೆ. ಲೆಕ್ಕ ಬರದೆ ಇದ್ರೆ ನಮ್ಮ ಮನೆಯವರನ್ನ ಕೇಳಿ."

ಮುಕ್ತಾಯ ಎರಡು. ಕಮೊಡೋರ್ ಏನೂ ಗೊತ್ತಿಲ್ಲದವಳ ಹಾಗೆ, "ಆ ನಲವತ್ತು ಸೆಕೆಂಡಿನಲ್ಲಿ ಏನಾಯ್ತು ಅಂತ ಹಡಗಿನ ದಿನಚರಿ ತರಿಸಿ ನೋಡೋಣವೇ?" ಅಂತ ಕೇಳುತ್ತಾಳೆ. ದಿನಚರಿ ಬರುತ್ತದೆ, ಸತ್ಯ ಹೊರಬರುತ್ತದೆ, ಹಾವೂ ಸಾಯುತ್ತದೆ ಕೋಲೂ ಮುರಿಯುವುದಿಲ್ಲ. ಇದರ ಬಗ್ಗೆ ನನಗೆ ಬಹಳ ಭರವಸೆ ಇತ್ತು.

"ಹನ್ನೊಂದು ವರ್ಷದ ಹಳೇ ದಿನಚರಿ ಗೋದಾಮಿಂದ ಬರೋಕೆ ಮೂರು ವಾರ ಬೇಕು. ಬೋರ್ಡು ಇವತ್ತು ಸಂಜೆ ಸಹಿ ಹಾಕಿ ಏಳುತ್ತೆ," ಅಂದಳು. ಹಾಳೆ ಮಡಚಿ ನನ್ನ ಕೈಗೆ ಕೊಟ್ಟು ಟೋಪಿ ಹಾಕಿಕೊಂಡಳು.

"ಹಾಗಾದ್ರೆ ಏನು ಮಾಡ್ತೀರಿ?"

ಅವಳು ಆಗಲೇ ಗೇಟು ದಾಟಿದ್ದಳು. ಪಾತ್ರಗಳು ಹೀಗೆ ಹೇಳದೆ ಕೇಳದೆ ಹೋಗುವಾಗ ಹಿಂದೆ ಓಡುವುದು ಬಿಟ್ಟು ಬರೆಯುವವನಿಗೆ ಬೇರೆ ಗತಿಯಿಲ್ಲ.

7

ಗುಮಾಸ್ತ ಚೀಟಿ ಹಂಚಲು ಎದ್ದ. ಅವಳೂ ಎದ್ದಳು.

"ಈ ಫೈಲು ನನಗೆ ಗೊತ್ತು ಸಾರ್."

ದೊಡ್ಡಪ್ಪನ ಮುಖ ಗಂಟಾಯಿತು. "ನಿನ್ನೆ ಹೇಳಬೇಕಿತ್ತು. ಸರಿ, ಹೊರಗೆ ಹೋಗಮ್ಮ."

"ಆ ಏಳು ಕೊಟ್ಟಿದ್ದು ನಾನು."

"ಮಾತಾಡೋ ಹಾಗಿಲ್ಲ, ನಿಯಮ ಗೊತ್ತಲ್ಲ ನಿನಗೆ."

"ಆ ನಲವತ್ತು ಸೆಕೆಂಡಲ್ಲಿ ಒಬ್ಬ ಮನುಷ್ಯ ಜೀವಂತ ಹೊರಗೆ ಬಂದ. ನನ್ನ ಆದೇಶ ಪಾಲಿಸಿದ್ರೆ ಅವನು ಸಾಯ್ತಿದ್ದ. ನಾನು ಅದನ್ನ ಬರೀಲಿಲ್ಲ. ಕಾರಣ ತೃಪ್ತಿಕರವಲ್ಲ ಅಂತ ಬರೆದೆನಲ್ಲ, ಅದು ಸುಳ್ಳು."

"ಬಾಯಿ ಮುಚ್ಚು ಅಂದೆ!" ದೊಡ್ಡಪ್ಪ ಮೇಜು ಗುದ್ದಿದರು. ಗುಮಾಸ್ತ ಈ ಮಾತುಗಳನ್ನು ಬರೆದುಕೊಳ್ಳಬೇಕೋ ಮಸಿ ಹಚ್ಚಬೇಕೋ ತಿಳಿಯದೆ ಪೆನ್ನು ಹಿಡಿದು ನಿಂತ. "ಅವಳು ಹೇಳಿದ್ದನ್ನ ಯಾರೂ ಕೇಳಿಲ್ಲ. ಬರೀಬೇಡ. ನಡಿಯಮ್ಮ."

ಅವಳು ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಎದುರಿಗೆ ನೀರಿನ ಕೂಲರ್, ಅದರ ನಲ್ಲಿ ತೊಟ್ಟಿಕ್ಕುತ್ತಿತ್ತು. ನಾನೂ ಪಕ್ಕದಲ್ಲಿ ಕೂತೆ. ಅರ್ಧ ಗಂಟೆಗೆ ಸಬ್‌ಮರೀನ್ ಹೊರಗೆ ಬಂದು ಲೋಟಕ್ಕೆ ನೀರು ಹಿಡಿದ. ಕುಡಿಯಲಿಲ್ಲ.

"ಎರಡು ಎರಡು," ಅಂದ.

ಮೂರು ಬೇಕಿತ್ತು. ಹದಿನೇಳು ಮನೆಗೆ.

"ನೀವು?" ಅವಳು ಕೇಳಿದಳು.

"ನಾನು ಹೌದು ಅಂದೆ. ನೀವು ಬಾಯಿ ಬಿಡದೆ ಇದ್ದಿದ್ರೆ ಇಲ್ಲ ಅಂತಿದ್ದೆ."

"ನಾನು ಒಳಗಿದ್ದಿದ್ರೆ ಮೂರಾಗ್ತಿತ್ತು."

"ಒಳಗಿರಬೇಕು ಅಂದ್ರೆ ಬಾಯಿ ಬಿಡಬಾರದಿತ್ತು. ಬಿಡದೆ ಇದ್ದಿದ್ರೆ ನನ್ನದು ಇರ್ತಿರಲಿಲ್ಲ." ಸಬ್‌ಮರೀನ್ ಲೋಟ ಕೆಳಗಿಟ್ಟ. "ನಾನೂ ಲೆಕ್ಕ ಹಾಕಿ ನೋಡಿದೆ. ಯಾವ ಕಡೆಯಿಂದ ಹಾಕಿದ್ರೂ ಕೂಡಲ್ಲ. ಇನ್ನೊಂದು ವಿಷಯ. ದೊಡ್ಡಪ್ಪ ನಿಮ್ಮ ಮೇಲೆ ಕಾಗದ ಬರೀತಾ ಇದ್ದಾರೆ. ಮುಂದಿನ ತಿಂಗಳಿನ ಆಸೆ ಬಿಟ್ಟುಬಿಡಿ."

ಲೆಕ್ಕ ಕೂಡುತ್ತಿದ್ದದ್ದು ಹನ್ನೊಂದು ವರ್ಷದ ಹಿಂದೆ, ಒಂದೇ ಒಂದು ವಾಕ್ಯಕ್ಕೆ. ಆಗ ಅವಳ ಕೈಯಲ್ಲಿ ಪೆನ್ನೂ ಇತ್ತು, ಹಾಳೆಯಲ್ಲಿ ಜಾಗವೂ ಇತ್ತು. ಈಗ ಎರಡೂ ಇಲ್ಲ.

8

ಇಲ್ಲಿಗೆ ನಿಲ್ಲಿಸಿ ಎದ್ದುಬಿಡಬಹುದಿತ್ತು. ಸತ್ಯ ಹೇಳಿದಳು, ಇದ್ದದ್ದೆಲ್ಲ ಕಳೆದುಕೊಂಡಳು, ತಲೆಯೆತ್ತಿ ನಡೆದಳು ಅಂತ. ಬಹುಮಾನ ಬಂದರೂ ಬರುವಂಥ ಮುಕ್ತಾಯ. ನೀವೂ ನಿಟ್ಟುಸಿರು ಬಿಟ್ಟು ಪುಟ ತಿರುಗಿಸುತ್ತಿದ್ದಿರಿ. ಆದರೆ ಒಂದು ವಿಷಯ ನೋಡಿ, ಇಷ್ಟು ಪುಟವಾದರೂ ಹದಿನೇಳು ಒಂದು ಮಾತೂ ಆಡಿಲ್ಲ. ಅವಳ ಫೈಲು ಓದಿದೆವು, ಅವಳ ಅಂಕ ಎಣಿಸಿದೆವು, ಅವಳ ಪರವಾಗಿ ಮೇಜು ಗುದ್ದಿಸಿಕೊಂಡೆವು. ಅವಳು ಎಲ್ಲಿದ್ದಾಳೆ ಅಂತ ನಾನೂ ಕೇಳಲಿಲ್ಲ, ಕಮೊಡೋರಳೂ ಕೇಳಲಿಲ್ಲ. ನಾಚಿಕೆಯಾಗಬೇಕು ನಮಗೆ.

ಹದಿನೇಳು ಈಗ ಬೆಂಕಿ ಆರಿಸುವುದನ್ನು ಕಲಿಸುವ ತರಬೇತಿ ಶಾಲೆಯ ಮುಖ್ಯಸ್ಥೆ. ಬೋರ್ಡಿನ ವಿಷಯ ಹೊರಗೆ ಹೇಳುವುದು ಅಪರಾಧ. ಒಂದು ಅಪರಾಧ ಆಗಲೇ ಆಗಿತ್ತು, ಇನ್ನೊಂದು ಆಗಲಿ ಅಂತ ಕಮೊಡೋರ್ ಮರುದಿನ ಅಲ್ಲಿಗೆ ಹೋದಳು.

ಅಂಗಳದ ಮಧ್ಯೆ ಹಡಗಿನ ರೂಮಿನ ಹಾಗೇ ಕಟ್ಟಿದ ಒಂದು ಕಬ್ಬಿಣದ ಕೋಣೆ, ಒಳಗೆಲ್ಲ ಮಸಿ. ಒಳಗೆ ತಗಡಿನ ತಟ್ಟೆಯಲ್ಲಿ ಡೀಸೆಲ್ ಸುರಿದು ಬೆಂಕಿ ಹಚ್ಚಿದ್ದರು. ಹೊಸಬರು ನಾಲ್ಕು ಜನ ಭಾರದ ಬಾಗಿಲು ತಳ್ಳಿ ಚಿಲಕ ತಿರುಗಿಸುತ್ತಿದ್ದರು. ಹದಿನೇಳು ಸ್ಟಾಪ್‌ವಾಚ್ ಹಿಡಿದು ಕೂಗುತ್ತಿದ್ದಳು: "ಒಂಬತ್ತು ಸೆಕೆಂಡು! ಇದೇನು ಮದುವೆ ಮನೆ ಬಾಗಿಲಾ? ಯಾರು ಬರ್ತಾರೆ ಅಂತ ನೋಡ್ತಾ ನಿಂತಿದ್ದೀರಾ? ಇನ್ನೊಂದು ಸಲ!"

ಕಮೊಡೋರಳನ್ನು ಕಂಡು ಸೆಲ್ಯೂಟ್ ಹೊಡೆದು ಹತ್ತಿರ ಬಂದಳು. ಕಮೊಡೋರ್ ಎಲ್ಲವನ್ನೂ ಹೇಳಿದಳು. ಎರಡು ಎರಡು, ಅರವತ್ತು ದಿನ, ಬಿಟ್ಟ ವಾಕ್ಯ, ಸುಳ್ಳು. ಒಂದನ್ನೂ ಮುಚ್ಚಿಡಲಿಲ್ಲ. ಹದಿನೇಳು ಸ್ಟಾಪ್‌ವಾಚನ್ನು ಸೊನ್ನೆಗೆ ತಂದಳು.

"ಆ ವರದಿ ನನಗೂ ತೋರಿಸಿದ್ರಿ ಮೇಡಂ. ಓದಿದ್ದೇನೆ ಅಂತ ಸಹಿ ಹಾಕಿದ್ದೆ."

"ಮೂವತ್ತು ದಿನದೊಳಗೆ ಆಕ್ಷೇಪಣೆ ಬರೀಬಹುದಿತ್ತು. ಯಾಕೆ ಬರೀಲಿಲ್ಲ ನೀನು?"

"ಬರೆದಿದ್ದು ನೀವು. ತಕ್ಕಡಿ ಮೇಡಂ ಏಳು ಕೊಟ್ಟಿದ್ದಾರೆ ಅಂದ್ರೆ ನಾನು ಮಾಡಿದ್ದು ಏಳಕ್ಕೇ ಸರಿ ಅಂದ್ಕೊಂಡೆ. ಕಾಯಬಾರದಿತ್ತು ಅಂದ್ಕೊಂಡೆ." ಕಬ್ಬಿಣದ ಬಾಗಿಲ ಕಡೆ ತಿರುಗಿದಳು. "ಕಲಿತೆ."

ಕಮೊಡೋರ್‌ಗೆ ಆಗ ನೆನಪಾಯಿತು. (ನನಗೆ ಗೊತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆ.) ನಾಲ್ಕು ವರ್ಷದ ಹಿಂದೆ ಹದಿನೇಳು ಒಂದು ಚಿಕ್ಕ ಹಡಗಿನ ಮುಖ್ಯಸ್ಥೆಯಾಗಿದ್ದಾಗ ಅದರ ಪಂಪ್ ರೂಮಿಗೆ ಬೆಂಕಿ ಬಿದ್ದಿತ್ತು. ನೌಕಾಪಡೆಗೆಲ್ಲ ಗೊತ್ತಿದ್ದ ಸುದ್ದಿ.

"ಎಣಿಕೆಯಲ್ಲಿ ಇಬ್ಬರು ಕಮ್ಮಿ ಇದ್ರು ಮೇಡಂ. ನಾಲ್ಕೇ ಸೆಕೆಂಡಲ್ಲಿ ಮುಚ್ಚಿಸಿದೆ. ಒಳಗಿಂದ ತಟ್ಟಿದ್ರು. ನನಗೆ ಕೇಳಿಸ್ತು, ಎಲ್ಲರಿಗೂ ಕೇಳಿಸ್ತು. ಹಡಗು ಉಳೀತು. ಆ ವರ್ಷ ನಿರ್ಧಾರಶಕ್ತಿಗೆ ಒಂಬತ್ತೂವರೆ ಬಂತು. ನೀವೂ ಫೋನ್ ಮಾಡಿ ಸರಿಯಾಗಿ ಮಾಡಿದೆ ಕಣೇ ಅಂದ್ರಿ."

"ಅಂದಿದ್ದೆ," ಅಂದಳು ಕಮೊಡೋರ್.

"ಕೆಲಸ ಹೋಗಿದ್ದಕ್ಕೆ ನನಗೇನೂ ಬೇಜಾರಿಲ್ಲ. ಒಂದೇ ಒಂದು ಹೇಳಿ ಸಾಕು. ಹನ್ನೊಂದು ವರ್ಷದ ಹಿಂದೆ ನಾನು ಕಾದಿದ್ದು ತಪ್ಪು ತಾನೇ?"

"ಇಲ್ಲ, ನೀನು..."

"ತಪ್ಪು ಅನ್ನಿ!" ಹದಿನೇಳು ಅವಳ ತೋಳು ಹಿಡಿದುಕೊಂಡಳು. ಹೊಸಬರು ನಾಲ್ವರೂ ತಿರುಗಿ ನೋಡಿದರು. "ಬೋರ್ಡಲ್ಲಿ ಏನು ಬೇಕಾದ್ರೂ ಹೇಳ್ಕೊಳ್ಳಿ. ನನ್ನ ಹತ್ರ ಮಾತ್ರ ತಪ್ಪು ಅನ್ನಿ, ದಮ್ಮಯ್ಯ. ಆವತ್ತು ಕಾದಿದ್ದು ಸರಿ ಅಂತಾದ್ರೆ ನಾನು ಇಬ್ಬರನ್ನ ಸುಮ್ಮಸುಮ್ಮನೆ ಕೊಂದೆ ಅಂತ ಆಗುತ್ತೆ."

9

'ತಪ್ಪು' ಅಂದಳು ಅಂತ ಬರೆದೆ. ಕಮೊಡೋರ್ ಇನ್ನೊಂದು ಸುಳ್ಳು ಹೇಳಿದ ಹಾಗಾಯಿತು, ಅದೂ ಅದೇ ಸುಳ್ಳು. ಹರಿದೆ.

'ಸರಿ ಇತ್ತು' ಅಂದಳು ಅಂತ ಬರೆದೆ. ಹದಿನೇಳರ ಮುಖ ನೋಡಲು ನನ್ನಿಂದ ಆಗಲಿಲ್ಲ. ಅದನ್ನೂ ಹರಿದೆ.

ಏನೂ ಹೇಳದೆ ಅಪ್ಪಿಕೊಂಡಳು ಅಂತ ಬರೆದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, "ಥೂ!" ಅಂದರು.

ಇಷ್ಟು ಪುಟದಲ್ಲಿ ನನ್ನ ಒಂದು ಮಾತಿಗೂ ಕಿವಿಗೊಡದ ಕಮೊಡೋರ್ ಈಗ ನನ್ನನ್ನೇ ಕೇಳುತ್ತಿದ್ದಾಳೆ: "ಏನ್ರೀ, ಕಥೆಗಾರರೇ. ಏನು ಹೇಳಲಿ ಇವಳಿಗೆ?"

ನನಗೆ ಗೊತ್ತಿಲ್ಲ. ಗೊತ್ತಿರುವ ಹಾಗೆ ಬರೆಯಲು ಕೈ ಬರುತ್ತಿಲ್ಲ. ಮುಗಿಯಿತು ಅಂತ ಕೆಳಗೆ ಗೆರೆ ಎಳೆದರೆ ಈ ಇಬ್ಬರ ಮೇಲೆ ಬಾಗಿಲು ಹಾಕಿದವರ ಪಟ್ಟಿಗೆ ನಾನೂ ಸೇರುತ್ತೇನೆ. ಹಾಗಾಗಿ ಎಳೆಯುವುದಿಲ್ಲ. ಹದಿನೇಳು ಇನ್ನೂ ತೋಳು ಬಿಟ್ಟಿಲ್ಲ, ಕಮೊಡೋರ್ ಇನ್ನೂ ಉತ್ತರ ಕೊಟ್ಟಿಲ್ಲ, ಒಳಗೆ ಡೀಸೆಲ್ ಇನ್ನೂ ಉರಿಯುತ್ತಿದೆ, ಆ ನಾಲ್ವರಲ್ಲಿ ಒಬ್ಬ ಬಾಗಿಲ ಮೇಲೆ ಕೈಯಿಟ್ಟು ಕೇಳುತ್ತಿದ್ದಾನೆ: "ಮೇಡಂ, ಮುಚ್ಚಲಾ, ಇನ್ನೂ ಸ್ವಲ್ಪ ಕಾಯಲಾ?"